ಹೋರಿ ಹಬ್ಬದ ಹಿಂದಿನ ಸಂಜೆಯೇ ಎಣ್ಣೆ ಅಂಗಡಿ ಮುಚ್ಚಬೇಕು

ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯ ಊರೂರಲ್ಲಿ ಹೋರಿ ಹಬ್ಬ, ಅಂದರೆ ಕೊಬ್ಬರಿ ಮಾಲೆ ಕಟ್ಟಿ ಓಡಿಸುವ ಹೋರಿಯನ್ನು ಅಡ್ಡಗಟ್ಟಿ ಆ ಕೊಬ್ಬರಿ ಹರಿಯುವ ಸ್ಪರ್ಧೆ. ಕಮಿಟಿಯವರು ಅಖಾಡದ ಬೇಲಿ, ಬಹುಮಾನ, ಆಂಬುಲೆನ್ಸು ಎಂದು ತಿಂಗಳಿಡೀ ಓಡಾಡುತ್ತಾರೆ. ಮದ್ಯದ ವಿಷಯ ಬಂದಾಗ ಮಾತ್ರ ‘ಅವತ್ತೊಂದಿನ ಅಂಗಡಿ ಬಂದ್ ಮಾಡಸ್ರಿ ಸಾಹೇಬ್ರ’ ಎಂದು ಅರ್ಜಿ ಕೊಟ್ಟು ಸುಮ್ಮನಾಗುತ್ತಾರೆ. ಎಡವಟ್ಟು ಇರುವುದೇ ಆ ‘ಅವತ್ತು’ ಎನ್ನುವುದರಲ್ಲಿ.

ಲೆಕ್ಕ ಹಾಕಿ. ಅಂಗಡಿಯಲ್ಲಿ ಸಿಗುವ ವಿಸ್ಕಿ, ರಮ್ಮು, ಬ್ರಾಂಡಿಯಲ್ಲಿ ಮದ್ಯಸಾರ ಶೇ 42.8. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ಒಳಗೆ 77 ಮಿ.ಲೀ. ಮದ್ಯಸಾರ, ತೂಕದಲ್ಲಿ ಸುಮಾರು 60 ಗ್ರಾಂ. ಮೈ ಅದನ್ನು ತಾಸಿಗೆ ಹೆಚ್ಚೂಕಡಿಮೆ 7ರಿಂದ 10 ಗ್ರಾಂನಂತೆ ಕರಗಿಸುತ್ತದೆ. ಒಂದು ಕ್ವಾರ್ಟರ್ ಇಳಿಯಲು ಆರರಿಂದ ಎಂಟೂವರೆ ತಾಸು ಬೇಕು. ರಾತ್ರಿ 11ಕ್ಕೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದವನು ಮರುದಿನ ಬೆಳಿಗ್ಗೆ 11ಕ್ಕೂ ಪೂರ್ತಿ ಇಳಿದಿರುವುದಿಲ್ಲ. ಮಜ್ಜಿಗೆ ಕುಡಿದರೂ, ಲಿಂಬೆಹಣ್ಣು ಹಿಂಡಿಕೊಂಡರೂ ಈ ಲೆಕ್ಕ ಬದಲಾಗದು. ಅವನು ಕೊಬ್ಬರಿ ಹರಿಯಲು ಹೋರಿಗೆ ಅಡ್ಡ ನಿಂತರೆ ಪಕ್ಕಕ್ಕೆ ಜಿಗಿಯುವುದು ಅರೆಕ್ಷಣ ತಡವಾಗುತ್ತದೆ. ಕೊಂಬಿಗೆ ಅಷ್ಟು ಸಾಕು.

ಬಂದ್ ಆದೇಶ ಬೆಳಿಗ್ಗೆ 6ಕ್ಕೆ ಜಾರಿಯಾಗುವಷ್ಟರಲ್ಲಿ ಮಾಲು ಹಿಂದಿನ ಸಂಜೆಯೇ ಮನೆ ಸೇರಿರುತ್ತದೆ. 90 ಮಿ.ಲೀ. ಪೌಚು ಕಿಸೆಯಲ್ಲಿ ಕಾಣಿಸುವುದೂ ಇಲ್ಲ. ಮತದಾನ ಮುಗಿಯುವ 48 ತಾಸು ಮೊದಲೇ ಮಾರಾಟ ನಿಲ್ಲಿಸಬೇಕೆಂದು ಚುನಾವಣಾ ಕಾಯ್ದೆ ಹೇಳುತ್ತದೆ. ಹೋರಿ ಹಬ್ಬಕ್ಕೆ ಅಷ್ಟು ಬೇಡ, ಹಿಂದಿನ ದಿನ ಸಂಜೆ 5ರಿಂದ ಆದರೂ ಕೇಳಿ.

ಬಂದ್ ಆದೇಶ ಹೊರಡಿಸುವವರು ಜಿಲ್ಲಾಧಿಕಾರಿಗಳು, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಕಲಂ 21ರ ಅಡಿ. ಅದಕ್ಕೆ ಪೊಲೀಸರ ಮತ್ತು ಅಬಕಾರಿಯವರ ವರದಿ ಆಧಾರವಾಗುತ್ತದೆ. ಹಾಗಾಗಿ ಮೂರು ವಾರ ಮೊದಲೇ ಅರ್ಜಿ ಹಾಕಿ, ತಹಶೀಲ್ದಾರರಿಗೆ, ಠಾಣೆಗೆ, ಅಬಕಾರಿ ನಿರೀಕ್ಷಕರಿಗೆ ಒಂದೊಂದು ಪ್ರತಿ ಕೊಡಿ. ‘ನಮ್ಮ ಗ್ರಾಮದ ವ್ಯಾಪ್ತಿ’ ಎಂದಷ್ಟೇ ಬರೆದರೆ ಮೂರು ಕಿ.ಮೀ. ಆಚೆಯ ಅಂಗಡಿ ತೆರೆದೇ ಇರುತ್ತದೆ, ಅವತ್ತು ಅಲ್ಲಿ ಜಾತ್ರೆ! ಸುತ್ತಲಿನ ವೈನ್ ಶಾಪು, ಬಾರು, ಸರ್ಕಾರದ ಎಂ.ಎಸ್.ಐ.ಎಲ್. ಮಳಿಗೆಗಳನ್ನು ಊರಿನ ಹೆಸರು ಸಮೇತ ಅರ್ಜಿಯಲ್ಲೇ ಕಾಣಿಸಿ. ಹೆದ್ದಾರಿ 48ರ ಮಗ್ಗುಲಿನ ಊರಾದರೆ ಢಾಬಾಗಳನ್ನೂ ಸೇರಿಸಿ. ಪರವಾನಗಿ ಇಲ್ಲದ ಕಡೆ ಕುಡಿಯಲು ಕೂರಿಸಿದರೆ ಅದೇ ಕಾಯ್ದೆಯ ಕಲಂ 15(ಎ) ಪ್ರಕಾರ ಕೇಸಾಗುತ್ತದೆ. ಇದನ್ನು ಢಾಬಾದವರಿಗೆ ಮೊದಲೇ ತಿಳಿಸಿಬಿಟ್ಟರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಅಖಾಡದ ಸುತ್ತಲಿನ ಗಾಡಿಗಳದು. ಒಂದೇ ಗಾಡಿಯಲ್ಲಿ ಪ್ಲಾಸ್ಟಿಕ್ ಗ್ಲಾಸು, ನೀರಿನ ಪಾಕೀಟು, ಉಪ್ಪಿನಕಾಯಿ ಪಾಕೀಟು ಮೂರೂ ಜೋತಾಡುತ್ತಿದ್ದರೆ ಕೆಳಗಿನ ಗೋಣಿಚೀಲ ಬಿಚ್ಚಿಸಬೇಕು. ಸೀಲು ಒಡೆದ ಸೋಡಾ ಬಾಟಲಿ ಸಾಲಾಗಿ ಇಟ್ಟಿದ್ದರೂ ಅಷ್ಟೇ. ಆದರೆ ಚೀಲ ಬಿಚ್ಚಿಸುವ ಅಧಿಕಾರ ಕಮಿಟಿಗಿಲ್ಲ, ಅಬಕಾರಿಯವರನ್ನೋ ಪೊಲೀಸರನ್ನೋ ಕರೆಸಬೇಕು. ಹುಡುಗರೇ ಕೈಹಾಕಿದರೆ ಜಗಳ ಮಾತ್ರ ಉಳಿಯುತ್ತದೆ. ಕಮಿಟಿಯ ಕೈಯಲ್ಲಿರುವುದು ಗಾಡಿ ಹಾಕುವ ಜಾಗದ ಹರಾಜು. ಗ್ಲಾಸು ಮಾರುವಂತಿಲ್ಲ, ಎಣ್ಣೆ ಸಿಕ್ಕರೆ ಠೇವಣಿ ವಾಪಸಿಲ್ಲ, ಗಾಡಿ ಅಲ್ಲಿಂದಲೇ ಎತ್ತಬೇಕು ಎಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿ.

ಬಯಲಲ್ಲಿ ಕಾನೂನುಬದ್ಧವಾಗಿಯೇ ಮದ್ಯ ಕೊಡುವ ದಾರಿಯೂ ಇದೆ: ಸಿ.ಎಲ್.-5 ಎಂಬ ತಾತ್ಕಾಲಿಕ ಪರವಾನಗಿ. ಹುಬ್ಬಳ್ಳಿಯ ಲಾನ್‌ಗಳಲ್ಲಿ ನಡೆಯುವ ಪಾರ್ಟಿಗಳಿಗೆ ಅದು ಸರಿ. ನಾಲ್ಕು ದಿಕ್ಕಿನಿಂದ ಜನ ನುಗ್ಗುವ ಅಖಾಡಕ್ಕೆ ಆಗದ ಮಾತು. ತೆಗೆದುಕೊಂಡರೂ ವಯಸ್ಸಿನ ತಕರಾರು ಬರುತ್ತದೆ: ಮದ್ಯ ಕೊಡಲು ಕನಿಷ್ಠ ವಯಸ್ಸು ಅಬಕಾರಿ ಕಾಯ್ದೆಯಲ್ಲಿ 18, 1967ರ ಅಬಕಾರಿ ನಿಯಮಗಳಲ್ಲಿ 21. 21 ಎಂದೇ ಹಿಡಿದು ಗುರುತಿನ ಚೀಟಿ ನೋಡಿ.

ಕೊನೆಗೆ ಬೈಕ್ ನಿಲ್ಲಿಸುವ ಜಾಗ. ಗಾಡಿ ಓಡಿಸುವವನ 100 ಮಿ.ಲೀ. ರಕ್ತದಲ್ಲಿ ಮದ್ಯಸಾರ 30 ಮಿ.ಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಪೊಲೀಸರು ಊದಿಸುವ ಯಂತ್ರ ಹಿಡಿದು ನಿಲ್ಲಬೇಕಾದ್ದು ಹೆದ್ದಾರಿಯಲ್ಲಲ್ಲ, ಪಾರ್ಕಿಂಗ್‌ನಿಂದ ಹೊರಬೀಳುವ ಬಾಯಿಯಲ್ಲಿ. ಹಗ್ಗ ಕಟ್ಟಿ ಆ ಬಾಯಿ ಒಂದೇ ಇರುವಂತೆ ಕಮಿಟಿ ನೋಡಿಕೊಳ್ಳಲಿ.