ಅಷ್ಟು ಸಣ್ಣ ಎಂಜಿನ್‌ನಲ್ಲಿ 400 ಕಿಲೋಮೀಟರ್ ಹೇಗೆ?

ಅಮೆರಿಕದಲ್ಲಿ ಜನ ಮನೆಯ ಗ್ಯಾರೇಜಿನಲ್ಲೇ ಕಟ್ಟಿ ಹಾರಿಸುವ ಫಾರ್ಮುಲಾ ಒನ್ ರೇಸ್ ವಿಮಾನಗಳ ಮಾತು ತೆಗೆದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ನೂರು ಹಾರ್ಸ್‌ಪವರ್ ಎಂಜಿನ್‌ನಲ್ಲಿ ಗಂಟೆಗೆ 400 ಕಿಲೋಮೀಟರ್ ಹೋಗೋದು ಹೇಗೆ? ಎಂಜಿನ್‌ಗೇ ಏನೋ ಮಾಡಿರ್ತಾರೆ ಅಲ್ವಾ?"

ನಿಯಮ ಅದಕ್ಕೆ ಬಿಡುವುದಿಲ್ಲ. ಎಲ್ಲರದ್ದೂ ಕಾಂಟಿನೆಂಟಲ್ ಒ-200 ಎಂಜಿನ್, ಹಾರಾಟ ಕಲಿಸುವ ಸೆಸ್ನಾ 150ರಲ್ಲಿ ಇರುವಂಥದ್ದೇ. ರೇಸಿನಲ್ಲಿ ಅದನ್ನು ಜಾಸ್ತಿ ಜೋರಾಗಿ ಸುತ್ತಿಸುತ್ತಾರೆ, ಅಷ್ಟು ನಿಜ. ಚಕ್ರ ಒಳಗೆ ಮಡಚುವಂತಿಲ್ಲ. ರೆಕ್ಕೆ ಕನಿಷ್ಠ 66 ಚದರ ಅಡಿ, ಖಾಲಿ ತೂಕ ಕನಿಷ್ಠ 227 ಕೆ.ಜಿ. ಇರಲೇಬೇಕು. ಎಂಜಿನ್ ಸೇರಿ ಇಡೀ ವಿಮಾನವೇ ಒಂದು ಬುಲೆಟ್ ಬೈಕಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಅಷ್ಟೇ!

ಆದರೆ ಗುಟ್ಟು ತೂಕದಲ್ಲೂ ಇಲ್ಲ. ಸೆಸ್ನಾ ಗಂಟೆಗೆ ಸುಮಾರು 200 ಕಿ.ಮೀ. ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಅಷ್ಟು ಶಕ್ತಿ ಎಲ್ಲಿಂದ ತರೋದು? ತರಲು ಆಗುವುದಿಲ್ಲ, ಹಾಗಾಗಿ ಗಾಳಿಗೆ ಅಡ್ಡ ಬರುವ ಒಂದೊಂದನ್ನೂ ಹುಡುಕಿ ತೆಗೆಯುತ್ತಾರೆ: ಪೈಲಟ್ ಹೆಚ್ಚುಕಡಿಮೆ ಮಲಗಿಯೇ ಕೂರುವಷ್ಟು ಕಿರಿದಾದ ಒಡಲು, ಚಕ್ರಕ್ಕೆ ಮೈಗಂಟಿದ ಕವಚ, ಎಂಜಿನ್ ತಣ್ಣಗಿಡಲು ಎಷ್ಟು ಬೇಕೋ ಅಷ್ಟೇ ಗಾಳಿ ಬಿಡುವ ಸಣ್ಣ ಕಿಂಡಿ, ರೆಕ್ಕೆ ಒಡಲಿಗೆ ಸೇರುವ ಮೂಲೆಯಲ್ಲಿ ಸುಳಿ ಏಳದ ಹಾಗೆ ತಿದ್ದಿದ ಇಳಿಜಾರು. ರೆಕ್ಕೆಯ ಮೇಲೆ ಅಂಟಿದ ಹುಳದ ಕಲೆಯೂ ವೇಗ ತಿನ್ನುತ್ತದೆ.

ವಿಮಾನ ಸಂಸ್ಥೆಯೊಂದರ ಪೈಲಟ್ ಟಾಮ್ ಕ್ಯಾಸಟ್ 1954ರಲ್ಲಿ ಉಕ್ಕಿನ ಕೊಳವೆ, ಮರದ ರೆಕ್ಕೆಯಲ್ಲಿ ಇಂಥದ್ದೊಂದು ಕಟ್ಟಿದರು. ಅದರ ನಕ್ಷೆ ಕೊಂಡು ಇವತ್ತಿಗೂ ಜನ ಕಟ್ಟುತ್ತಾರೆ. ನನಗೆ ತುಂಬಾ ಇಷ್ಟ ಮಾತ್ರ ಜಾನ್ ಶಾರ್ಪ್ ಅವರ ನೆಮೆಸಿಸ್. ವಿಮಾನ ತಯಾರಿಸುವ ಲಾಕ್‌ಹೀಡ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅವರು ಕಾರ್ಬನ್ ಫೈಬರ್‌ನಲ್ಲಿ ಮಾಡಿದ ಈ ವಿಮಾನ 1991ರಿಂದ 1999ರವರೆಗೆ 48 ರೇಸುಗಳಲ್ಲಿ 45 ಗೆದ್ದಿತು. ಅಮೆರಿಕದ ರೀನೋ ಊರಿನಲ್ಲಿ ವರ್ಷವರ್ಷ ನಡೆಯುತ್ತಿದ್ದ ವಿಮಾನ ರೇಸಿನ ಚಿನ್ನದ ಫೈನಲ್ ಸತತ ಒಂಬತ್ತು ವರ್ಷ ಅದರದ್ದೇ. ಎದುರಾಳಿಗಳ ಎಂಜಿನ್ನೂ ಅದೇ ಆಗಿತ್ತು, ನೆನಪಿರಲಿ.

ನೆಮೆಸಿಸ್ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ಮ್ಯೂಸಿಯಂ ಸಂಗ್ರಹದಲ್ಲಿದೆ. ಆ ಕಡೆ ಇರುವ ಕನ್ನಡಿಗರು ಹೋದರೆ ಮೂತಿಯ ಮುಂದೆಯೇ ನಿಂತು ಬರಬೇಡಿ. ಪಕ್ಕಕ್ಕೆ ಬಂದು ರೆಕ್ಕೆ ಒಡಲಿಗೆ ಸೇರುವ ಆ ಮೂಲೆಯನ್ನು ನೋಡಿ.