ಬಾಲಕ್ಕೂ ದುಡ್ಡು ಕೊಟ್ಟ ರಾಜ

ಹಂಪಿಗೆ ಹೋದರೆ ಹಜಾರರಾಮ ದೇವಸ್ಥಾನದ ಹೊರಗೋಡೆ ನೋಡಿ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು. ನಾನು ನಿವೃತ್ತ ಪಶುವೈದ್ಯ. ನೆಂಟರೆಲ್ಲ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಳ್ಳಲು ಅವಸರ ಮಾಡಿದರೆ, ನಾನು ಈ ಗೋಡೆ ಹತ್ತಿರವೇ ನಿಂತುಬಿಡುತ್ತೇನೆ. ಆನೆ ನಮ್ಮ ಘಟ್ಟದ ಕಾಡಿನಲ್ಲೇ ಸಿಗುತ್ತಿತ್ತು. ಯುದ್ಧಕ್ಕೆ ಬೇಕಾದ ಎತ್ತರದ ಕುದುರೆ ಮಾತ್ರ ಹಡಗಿನಲ್ಲಿ ಬರಬೇಕಿತ್ತು.

ವಿಜಯನಗರಕ್ಕೆ ನೆಲ ಏನೂ ಕಡಿಮೆ ಕೊಟ್ಟಿರಲಿಲ್ಲ. ಸುತ್ತ ಬಂಡೆಗುಡ್ಡ, ಪಕ್ಕದಲ್ಲೇ ತುಂಗಭದ್ರೆ. ಆಗಿನ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿವೆ. ಆದರೆ ಕುದುರೆ ಒಣ ಹವೆಯ, ಬಯಲು ಹುಲ್ಲುಗಾವಲಿನ ಪ್ರಾಣಿ. ನಮ್ಮ ಸೆಕೆ, ಮಳೆ, ಬೇಸಿಗೆಯಲ್ಲಿ ಸುಟ್ಟುಹೋಗುವ ಮೇವು ಅದಕ್ಕೆ ಒಗ್ಗುವುದಿಲ್ಲ. ಇಲ್ಲಿನ ತಟ್ಟುಗಳು ಗಟ್ಟಿಯೇ, ಆದರೆ ಚಿಕ್ಕವು.

ಹದಿಮೂರನೇ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿ ಕುದುರೆಗೆ ಮಾಂಸ ಬೇಯಿಸಿ ಅನ್ನದ ಜೊತೆ ತಿನ್ನಿಸುತ್ತಾರೆ ಅಂತ ಬರೆದಿದ್ದಾನೆ. ಓದಿ ನನ್ನ ಹೊಟ್ಟೆಯೇ ಹಿಂಡಿದಂತಾಯಿತು! ಇನ್ನೊಂದು ಮಾತೂ ಬರೆದಿದ್ದಾನೆ: ಕುದುರೆ ವೈದ್ಯರು ಆ ಕಡೆ ಬರದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಸತ್ತಷ್ಟೂ ವ್ಯಾಪಾರ ಜಾಸ್ತಿ, ಅಲ್ವಾ?

ವಿಜಯನಗರಕ್ಕೆ ಕುದುರೆ ಬರುತ್ತಿದ್ದದ್ದು ಪರ್ಷಿಯಾ ಕೊಲ್ಲಿಯ ಹೊರ್ಮುಜ್, ಅರೇಬಿಯಾದ ಏಡನ್ ಬಂದರುಗಳ ಕಡೆಯಿಂದ. ಮಳೆಗಾಲ ಮುಗಿದ ಮೇಲೆ ಹಡಗುಗಳು ಭಟ್ಕಳ, ಹೊನ್ನಾವರ, ಗೋವಾ ಮುಟ್ಟುತ್ತಿದ್ದವು. ಅಲ್ಲಿಂದ ಘಟ್ಟ ಹತ್ತಿಸಬೇಕು. ವಿಜಯನಗರದ ರಾಜ ಸಾಳುವ ನರಸಿಂಹ ಸಾವಿರ ಚಿನ್ನದ ನಾಣ್ಯಕ್ಕೆ, ಅಂದರೆ ಸಾವಿರ ಪರದಾವ್‌ಗೆ ಮೂರರಂತೆ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು ಕೊಡುತ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಇದನ್ನು ದಡ್ಡತನ ಅಂತ ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಾರಿಯ ನಷ್ಟ ರಾಜನೇ ಹೊತ್ತರೆ ಹಡಗು ಬೇರೆ ದೊರೆಯ ಬಂದರಿಗೆ ಹೋಗುವುದಿಲ್ಲ.

ಬಹಮನಿಗಳಿಗೂ ಇದೇ ಕೊರತೆ. ಗೋವಾ ಕೈಯಿಂದ ಕೈಗೆ ದಾಟಿದ್ದರ ಹಿಂದೆ ಇದೂ ಒಂದು ಕಾರಣ. ವಿಜಯನಗರದ ಕೈಲಿದ್ದ ಆ ಬಂದರನ್ನು 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಿತ್ತುಕೊಂಡ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಬಂದು ಕೂತ. ಆಮೇಲೆ ಯಾರಿಗೆ ಕುದುರೆ ಕೊಡಬೇಕು ಅನ್ನುವ ಮಾತು ಪೋರ್ಚುಗೀಸರ ಕೈಗೆ ಹೋಯಿತು. ಗೋವಾಕ್ಕೆ ಬಂದ ಕುದುರೆ ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕೆ ಇಲ್ಲ ಅಂತ 1547ರಲ್ಲಿ ಒಪ್ಪಂದವೂ ಆಯಿತು.

ಹದಿನೆಂಟು ವರ್ಷಕ್ಕೆ ತಾಳಿಕೋಟೆ ಯುದ್ಧ. ಆ ಸೋಲನ್ನು ಕುದುರೆಯ ತಲೆಗೆ ಕಟ್ಟಲು ನಾನು ತಯಾರಿಲ್ಲ. ಸುಲ್ತಾನರು ಒಂದಾದದ್ದು, ರಾಮರಾಯ ರಣದಲ್ಲೇ ಸಿಕ್ಕಿಬಿದ್ದದ್ದು, ಇವು ಮನುಷ್ಯರ ಲೆಕ್ಕ. ಆದರೆ ಅಷ್ಟು ದೊಡ್ಡ ರಾಜ್ಯದ ಅಶ್ವದಳ ವರ್ಷವರ್ಷವೂ ಪರದೇಶದ ಹಡಗಿನ ದಾರಿ ಕಾಯಬೇಕಿತ್ತಲ್ಲ, ಅದಕ್ಕೆ ಕಾರಣ ನಮ್ಮ ಹವೆ, ನಮ್ಮ ಹುಲ್ಲು.