ಮೂರು ಸಿಲಿಂಡರಿನ ಹಳೆಯ ಎಂಜಿನ್ನೂ ಮಡಿಕೇರಿಯ ತೆಳು ಗಾಳಿಯೂ

ಅಪ್ಪ 1993ರಲ್ಲಿ ಕೊಂಡಿದ್ದ ಮಾರುತಿ 800 ಎರಡು ಮಳೆಗಾಲ ಶೆಡ್ಡಿನಲ್ಲಿ ಕದಲದೆ ನಿಂತಿತ್ತು. ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದಾಗ ಅದು ನೀಲಿ ಹೊಗೆ ಕಾರುತ್ತ ಎದ್ದಿತಾದರೂ, ಗೇಟಿನಿಂದ ಮುಖ್ಯರಸ್ತೆಗೆ ಏರುವ ನೂರು ಮೀಟರ್ ಚಡಾವನ್ನು ಮೊದಲ ಗೇರಿನಲ್ಲೂ ಏದುಸಿರು ಬಿಡುತ್ತಲೇ ಹತ್ತಿತು. ಮಾರಿಬಿಡುವ ಮಾತು ಮನೆಯಲ್ಲಿ ಬಂತು. ಗುಜರಿಯವನು ಹೇಳಿದ ಬೆಲೆ ಕೇಳಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ. ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಬೇಕು, ಕಟ್ಟುವಾಗಲೇ ಮೊದಲಿಗಿಂತ ಹೆಚ್ಚು ಎಳೆತ ಬರುವಂತೆ ನೋಡಿಕೊಳ್ಳಬೇಕು ಎಂದು ನಿಶ್ಚಯಿಸಿದೆ.

ಇದರಲ್ಲಿರುವುದು ಸುಜುಕಿಯ ಎಫ್ 8 ಬಿ ಎಂಜಿನ್. ಮೂರು ಸಿಲಿಂಡರ್, ಸಿಲಿಂಡರಿಗೆ ಎರಡು ವಾಲ್ವ್, 68.5 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ), 72 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಒಟ್ಟು 796 ಸಿಸಿ. ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವ ಕಾರ್ಬುರೇಟರ್ ಇದ್ದ ಕಾಲದಲ್ಲಿ ಇದರ ಶಕ್ತಿ ಸುಮಾರು 39 ಅಶ್ವಶಕ್ತಿ. ಆದರೆ ಅದು ಸಮುದ್ರಮಟ್ಟದ ಗಾಳಿಗೆ ಹೊಂದಿಸಿ ಹೇಳುವ ಲೆಕ್ಕ. ಸಾವಿರದ ನೂರು ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಕಡಿಮೆಯಿರುವುದರಿಂದ, ಎಂಜಿನ್ ಹೊಚ್ಚಹೊಸದಾಗಿದ್ದರೂ ಇಲ್ಲಿ 35ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನಾನು ಸೇರಿಸಬೇಕೆಂದುಕೊಂಡಿದ್ದಷ್ಟು ಶಕ್ತಿಯನ್ನು ಊರಿನ ಗಾಳಿ ಮೊದಲೇ ಕಿತ್ತುಕೊಂಡಿತ್ತು ಎನ್ನಬಹುದು.

ಬಿಚ್ಚುವ ಮೊದಲು ಕಂಪ್ರೆಶನ್ ನೋಡಿದೆ, ಎಂದರೆ ಒಂದೊಂದು ಸಿಲಿಂಡರೂ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಅಳೆದೆ. ಒಂದನೆಯ ಮತ್ತು ಮೂರನೆಯ ಸಿಲಿಂಡರುಗಳು 110 ಮತ್ತು 105 ಪಿಎಸ್‌ಐ ತೋರಿಸಿದರೆ ಎರಡನೆಯದು 80ಕ್ಕೇ ನಿಂತಿತು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಅದು 105ಕ್ಕೆ ಏರಿತು. ಎಣ್ಣೆ ಬಿಟ್ಟ ಮೇಲೆ ಒತ್ತಡ ಏರಿದರೆ ದೋಷ ಪಿಸ್ಟನ್ನಿನ ಸುತ್ತಲಿನ ರಿಂಗಿನಲ್ಲೋ ಸಿಲಿಂಡರಿನ ಒಳಗೋಡೆಯಾದ ಬೋರಿನಲ್ಲೋ ಇದೆ, ಏರದಿದ್ದರೆ ವಾಲ್ವಿನ ಕಡೆ ಹುಡುಕಬೇಕು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಎತ್ತಿದಾಗ ಕಾರಣ ಕಣ್ಣಿಗೇ ಕಂಡಿತು. ಕಾರು ನಿಲ್ಲಿಸಿದ ದಿನ ಎರಡನೆಯ ಸಿಲಿಂಡರಿನ ವಾಲ್ವ್ ತೆರೆದಿದ್ದ ಸ್ಥಿತಿಯಲ್ಲೇ ಎಂಜಿನ್ ನಿಂತುಬಿಟ್ಟಿತ್ತು. ನಮ್ಮ ಜುಲೈ ತಿಂಗಳ ತೇವವೆಲ್ಲ ಅದರೊಳಗೆ ಹೋಗಿ, ಪಿಸ್ಟನ್ ನಿಂತಿದ್ದ ಮಟ್ಟಕ್ಕೆ ಸರಿಯಾಗಿ ಬೋರಿನ ಸುತ್ತ ಉಂಗುರದಂತೆ ತುಕ್ಕು ಕೊರೆದಿತ್ತು. ಉಗುರು ಎಳೆದರೆ ಸಿಕ್ಕಿಹಾಕಿಕೊಳ್ಳುವಷ್ಟು ಆಳ. ಮಳೆಗಾಲದಲ್ಲಿ ಕಾರು ನಿಲ್ಲಿಸುವವರು ತಿಂಗಳಿಗೆ ಎರಡು ಸಲವಾದರೂ ಎಂಜಿನ್ ತಿರುಗಿಸಿಡುವುದು ಒಳ್ಳೆಯದು.

ತುಕ್ಕು ಇಷ್ಟು ಇಳಿದಿದ್ದ ಮೇಲೆ ಸಿಲಿಂಡರನ್ನು ತುಸು ಅಗಲವಾಗಿ ಕೊರೆಸುವ ಬೋರಿಂಗ್ ಮಾಡಿಸದೆ ಬೇರೆ ದಾರಿ ಇರಲಿಲ್ಲ. ಮೊದಲು ಹೋದ ಲೇತ್ ಅಂಗಡಿಯವರು ಸಿಲಿಂಡರುಗಳಿರುವ ಬ್ಲಾಕನ್ನು ಬಿಟ್ಟುಹೋಗಿ, ಸಂಜೆ ಬನ್ನಿ ಎಂದರು. ಪಿಸ್ಟನ್ ಕೇಳಲೇ ಇಲ್ಲ. ನಾನು ಬ್ಲಾಕನ್ನು ಮತ್ತೆ ಬೇರೊಂದು ಕಾರಿನ ಡಿಕ್ಕಿಗೆ ಹಾಕಿಕೊಂಡು ಮೈಸೂರಿಗೆ ಹೋದೆ. ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರ ಮೊದಲ ಮಾತೇ, "ಪಿಸ್ಟನ್ ತಂದಿದ್ದೀರಾ ಸಾರ್? ಅದನ್ನು ನೋಡದೆ ನಾನು ಬೋರಿಗೆ ಕೈ ಹಾಕುವುದಿಲ್ಲ" ಎಂಬುದಾಗಿತ್ತು. 0.50 ಓವರ್‌ಸೈಜಿನ, ಎಂದರೆ ಮೂಲಕ್ಕಿಂತ ಅರ್ಧ ಮಿಲಿಮೀಟರ್ ಅಗಲವಾದ, ಮೂರು ಪಿಸ್ಟನ್‌ಗಳನ್ನೂ ಅವರು ಮೈಕ್ರೋಮೀಟರಿನಲ್ಲಿ ಬೇರೆ ಬೇರೆಯಾಗಿ ಅಳೆದು, ಯಾವುದು ಯಾವ ಸಿಲಿಂಡರಿಗೆ ಎಂದು ನೆತ್ತಿಯ ಮೇಲೆ ಗುರುತು ಹಾಕಿ, ಒಂದೊಂದಕ್ಕೂ ಮಿಲಿಮೀಟರಿನ ನೂರನೇ ನಾಲ್ಕು ಭಾಗದಷ್ಟು ಸಂದು ಬಿಟ್ಟು ಬೋರ್ ಕೊರೆದು, ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಹೋನಿಂಗ್ ಮಾಡಿಕೊಟ್ಟರು. ಬೋರ್ ಈಗ 69 ಮಿಲಿಮೀಟರ್, ಎಂಜಿನ್ 808 ಸಿಸಿ. ಹೆಚ್ಚಿದ 12 ಸಿಸಿಯಿಂದ ಯಾರ ಗಮನಕ್ಕೂ ಬರುವಂಥ ಶಕ್ತಿಯೇನೂ ಬರುವುದಿಲ್ಲ. ಬರುವುದು ಮೂರು ಸಿಲಿಂಡರುಗಳೂ ಒಂದೇ ಸಮ ಹಿಡಿದಾಗ.

ಬ್ಲಾಕನ್ನು ಮನೆಗೆ ತಂದು ಸೋಪಿನ ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆದೆ. ಹೋನಿಂಗ್ ಕಲ್ಲಿನ ಪುಡಿ ಪೆಟ್ರೋಲಿನಿಂದ ಹೋಗುವುದಿಲ್ಲ, ಬೋರಿನ ಗೀರುಗಳಲ್ಲೇ ಉಳಿದು ಹೊಸ ರಿಂಗುಗಳನ್ನು ಸವೆಸುತ್ತದೆ. ಅಪ್ಪನ ಹಳೆಯ ಬಿಳಿ ಪಂಚೆಯ ತುಂಡಿಗೆ ಎಣ್ಣೆ ಹಚ್ಚಿ ಒರೆಸಿದಾಗ ಮೊದಲ ಸಲ ಬೂದುಬಣ್ಣ ಬಂತು, ನಾಲ್ಕನೆಯ ತೊಳೆತದ ನಂತರವೂ ಬಂತು. ಏಳನೆಯ ಸಲ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಆ ಮಧ್ಯಾಹ್ನ ಮತ್ತೇನೂ ಮಾಡಲಿಲ್ಲ.

ರಿಂಗುಗಳನ್ನು ಪೊಟ್ಟಣದಿಂದ ತೆಗೆದು ಹಾಗೆಯೇ ಹಾಕುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ನಾನು ಪ್ರತಿಯೊಂದನ್ನೂ ಅದರದೇ ಬೋರಿಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಓರೆಯಾಗದಂತೆ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಿದೆ. ಮೂರನೆಯ ಸಿಲಿಂಡರಿನ ಮೇಲಿನ ರಿಂಗಿನಲ್ಲಿ 0.12 ಮಿಲಿಮೀಟರ್ ಮಾತ್ರ ಇತ್ತು. ಬಿಸಿಯಲ್ಲಿ ತುದಿಗಳು ಕೂಡಿಕೊಂಡರೆ ರಿಂಗು ಬೋರನ್ನೇ ಕೆರೆದುಬಿಡುವುದರಿಂದ, ಸಣ್ಣ ಅರದಲ್ಲಿ ಒಂದೇ ದಿಕ್ಕಿಗೆ ಉಜ್ಜಿ 0.25ಕ್ಕೆ ತಂದೆ. ಪಿಸ್ಟನ್‌ಗಳ ತೂಕ ನೋಡಲು, ಕಾಳುಮೆಣಸಿನ ಲೀಟರ್ ತೂಕ ಪರೀಕ್ಷಿಸಲು ಮನೆಯಲ್ಲಿಟ್ಟಿರುವ ಡಿಜಿಟಲ್ ತಕ್ಕಡಿಯೇ ಸಾಕಾಯಿತು. ಒಂದು ಪಿಸ್ಟನ್ ಉಳಿದೆರಡಕ್ಕಿಂತ ನಾಲ್ಕು ಗ್ರಾಂ ಹೆಚ್ಚಿತ್ತು. ಒಳಭಾಗದ ದಪ್ಪ ಅಂಚಿನಲ್ಲಿ ತುಸುತುಸುವೇ ಉಜ್ಜಿ ಸರಿದೂಗಿಸಿದೆ. ಮೂರು ಸಿಲಿಂಡರಿನ ಎಂಜಿನ್ ಸ್ವಭಾವತಃ ನಡುಗುವಂಥದ್ದು, ಅದಕ್ಕೆ ನಮ್ಮ ಕೊಡುಗೆಯೂ ಸೇರಬಾರದು. ಎಂಜಿನ್ನಿನ ತಿರುಗುವಿಕೆಯನ್ನು ಸಮವಾಗಿಡುವ ಭಾರದ ಚಕ್ರವಾದ ಫ್ಲೈವೀಲನ್ನು ಹಗುರ ಮಾಡಿಸಲು ಗೆಳೆಯರು ಸೂಚಿಸಿದರು. ಸುಗ್ಗಿಯ ನಂತರ ಒಣಗದ್ದೆಯಲ್ಲಿ ನಡೆಯುವ ಆಟೋಕ್ರಾಸ್ ಕಾರ್ ಪಂದ್ಯಕ್ಕೆ ಅದು ಸರಿ. ಏರುರಸ್ತೆಯಲ್ಲಿ ನಿಂತು ನಿಂತು ಹೊರಡಬೇಕಾದ ಮನೆಯ ಕಾರಿಗೆ ಬೇಡವೆಂದೆ.

ಹೆಡ್ಡಿನಲ್ಲಿ ವಾಲ್ವ್ ಕೂರುವ ಸೀಟುಗಳನ್ನು ಮೂರು ಕೋನದಲ್ಲಿ ಕತ್ತರಿಸಿ, ವಾಲ್ವನ್ನು ಸೀಟಿನ ಮೇಲೆ ತಿಕ್ಕಿ ಲ್ಯಾಪಿಂಗ್ ಮಾಡಿ, ಚೇಂಬರಿಗೆ ಸೀಮೆಎಣ್ಣೆ ತುಂಬಿ ಅರ್ಧ ಗಂಟೆ ಬಿಟ್ಟು ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡೆ. ಮ್ಯಾನಿಫೋಲ್ಡು ಮತ್ತು ಪೋರ್ಟು ಕೂಡುವಲ್ಲಿ ಮೆಟ್ಟಿಲಿನಂತಿದ್ದ ಅಂಚನ್ನು ಸಮ ಮಾಡಿದೆ, ಅದಕ್ಕಿಂತ ಹೆಚ್ಚು ಕೊರೆಯಲಿಲ್ಲ. ಹೆಡ್ಡಿನ ಮುಖವನ್ನು 0.4 ಮಿಲಿಮೀಟರ್ ಕೆತ್ತಿ ಸ್ಕಿಮ್ಮಿಂಗ್ ಮಾಡಿಸಿದ್ದರಿಂದ, ನಾನು ಅಳೆದ ಲೆಕ್ಕದಲ್ಲಿ, ಕಂಪ್ರೆಶನ್ ಅನುಪಾತ (ಸಿಲಿಂಡರಿನಲ್ಲಿ ಮಿಶ್ರಣ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದು) 8.9ರಿಂದ 9.2ಕ್ಕೆ ಬಂತು. ತೆಳು ಗಾಳಿಯಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೇಗೂ ಕಡಿಮೆಯಿರುವುದರಿಂದ ಸಾಮಾನ್ಯ ಪೆಟ್ರೋಲಿಗೂ ಇದು ನಡೆಯುತ್ತದೆ ಎಂದು ಎಣಿಸಿದ್ದೆ.

ಕಟ್ಟಿ ಮುಗಿಸಿದ ಮೇಲೆ ಕಾರ್ಬುರೇಟರಿನ ಸರದಿ. ಗಾಳಿ ತೆಳುವಾದಷ್ಟು, ಅದರ ಸಣ್ಣ ತೂತಾದ ಜೆಟ್ಟಿನಿಂದ ಬರುವ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಗಾಳಿ ಹತ್ತನೇ ಒಂದು ಭಾಗ ಕುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಶೇಕಡಾ ಐದರಷ್ಟು ಹೆಚ್ಚುತ್ತದೆ. ಹಳೆಯ ಪ್ಲಗ್ಗುಗಳು ಕಾಡಿಗೆಯಂತೆ ಕಪ್ಪಾಗಿದ್ದುದಕ್ಕೆ ಎಣ್ಣೆಯ ಜೊತೆಗೆ ಇದೂ ಕಾರಣ. ಮೇನ್ ಜೆಟ್ಟನ್ನು ಒಂದು ಅಳತೆ ಕಿರಿದಾಗಿಸಿ, ಇಗ್ನಿಶನ್ ಟೈಮಿಂಗನ್ನು ಬದಲಿಸಿ ಪ್ಲಗ್ಗಿನ ಕಿಡಿ ಮೂರು ಡಿಗ್ರಿ ಬೇಗ ಹಾರುವಂತೆ ಮಾಡಿದೆ. ಕುಶಾಲನಗರಕ್ಕೆ ಇಳಿದು ಮತ್ತೆ ಮಡಿಕೇರಿಗೆ ಏರುವ ರಸ್ತೆಯಲ್ಲೇ ರನ್ನಿಂಗ್ ಇನ್ ಮಾಡಿದೆ. ಏರಿನಲ್ಲಿ ಬೀಳುವ ಭಾರವೂ ಇಳಿಜಾರಿನಲ್ಲಿ ಕಾಲು ತೆಗೆದಾಗಿನ ಎಳೆತವೂ ರಿಂಗುಗಳು ಬೋರಿಗೆ ಕೂರಲು ಬೇಕಾದವೇ. ಸಾವಿರ ಕಿಲೋಮೀಟರಿನ ನಂತರ ಮೂರೂ ಸಿಲಿಂಡರುಗಳು 150ರ ಮೇಲೆ ತೋರಿಸಿದವು, ಪ್ಲಗ್ಗುಗಳಿಗೆ ತಿಳಿ ಕಂದುಬಣ್ಣ ಬಂದಿತ್ತು, ಗೇಟಿನ ಮುಂದಿನ ಚಡಾವು ಎರಡನೆಯ ಗೇರಿಗೆ ಒಗ್ಗಿಕೊಂಡಿತ್ತು. ನಾನು ಬೀಗಿದೆ.

ಆ ಬೀಗು ಸುಳ್ಯಕ್ಕೆ ಹೋಗಿ ಹಿಂದಿರುಗುವವರೆಗೆ ಮಾತ್ರ. ಸಂಪಾಜೆ ದಾಟಿ ಘಟ್ಟ ಹತ್ತಲು ತೊಡಗಿ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಡಬ್ಬಿಯೊಳಗೆ ಕಾಫಿಬೀಜ ಅಲುಗಿಸಿದಂತೆ ಕಟಕಟ ಸದ್ದು. ಎಂಜಿನ್ ನಾಕ್ ಆಗುತ್ತಿತ್ತು, ಎಂದರೆ ಮಿಶ್ರಣ ಸಮವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುತ್ತಿತ್ತು. ಸಂಪಾಜೆಯ ತಗ್ಗಿನಲ್ಲಿ ಗಾಳಿ ದಟ್ಟವಾದ್ದರಿಂದ ಸಿಲಿಂಡರಿನ ಒತ್ತಡ ಏರಿತ್ತು. ಮಡಿಕೇರಿಗೆಂದು ಕಿರಿದು ಮಾಡಿದ ಜೆಟ್ ಆ ದಟ್ಟ ಗಾಳಿಗೆ ಸಾಲದೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿತ್ತು. ಕಿಡಿಯಂತೂ ನಾನೇ ಬೇಗ ಹಾರುವಂತೆ ಮಾಡಿದ್ದೆ. ಬೇರೆ ಬೇರೆಯಾಗಿ ಎಂಜಿನ್ ತಾಳಿಕೊಳ್ಳುತ್ತಿದ್ದ ಮೂರು ಸಂಗತಿಗಳು ಒಂದೇ ತಿರುವಿನಲ್ಲಿ ಕೂಡಿದ್ದವು. ಎರಡನೆಯ ಗೇರಿಗೆ ಇಳಿಸಿ, ಆಕ್ಸಿಲರೇಟರಿಗೆ ಅರ್ಧವೇ ಕಾಲಿಟ್ಟು, ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದ ಬಸ್ಸಿಗೆ ದಾರಿ ಬಿಟ್ಟು ಮನೆ ಮುಟ್ಟಿದೆ.

ಮರುದಿನ ಮೂಲ ಜೆಟ್ಟನ್ನೇ ಮರಳಿ ಕೂರಿಸಿ, ಟೈಮಿಂಗಿನ ಮೂರು ಡಿಗ್ರಿಯಲ್ಲಿ ಎರಡನ್ನು ಹಿಂದಕ್ಕೆ ಕೊಟ್ಟೆ. ಮಡಿಕೇರಿಯಲ್ಲಿ ಪ್ಲಗ್ಗು ಮತ್ತೆ ತುಸು ಕಪ್ಪಾಗುತ್ತದೆ, ಪೆಟ್ರೋಲೂ ಸ್ವಲ್ಪ ಹೆಚ್ಚು ಕುಡಿಯುತ್ತದೆ; ಆದರೆ ಅದೇ ಘಟ್ಟವನ್ನು ಕಳೆದ ವಾರ ಮೂರನೆಯ ಗೇರಿನಲ್ಲಿ ಸದ್ದಿಲ್ಲದೆ ಹತ್ತಿತು. ಕಿರಿಯ ಜೆಟ್ಟನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಸ್ಕ್ರೂಡ್ರೈವರಿನೊಂದಿಗೆ ಇಟ್ಟಿದ್ದೇನೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಇನ್ನೂ ಒಂದು ಹನಿ ಎಣ್ಣೆ ಜಿನುಗುತ್ತಿದೆ. ಅದರ ಓ-ರಿಂಗ್ ಬಂದಿದೆ, ಭಾನುವಾರ ಮಳೆ ಬಿಟ್ಟರೆ ಹಾಕಬೇಕು.